ಹನ್ನೆರಡು ಸರಪಳಿ ನಾಕಾಣೆ

ಕೇರಿ ನೀರಿನಲ್ಲಿ ಬಿದ್ದಿತ್ತು.

ನಲವತ್ತೊಂದು ಮನೆ, ಒಂದು ಬಾವಿ, ದುರ್ಗವ್ವನ ಕಟ್ಟೆ, ನಡುವಿನ ಓಣಿ, ಎಲ್ಲವೂ ಬೂದನಕೊಪ್ಪದ ಕೆರೆಯ ನಟ್ಟನಡುವೆ ಕೂತಿದ್ದವು. ಸ್ಕ್ರೀನಿನ ಮೇಲೆ ಮನೆಗಳ ಗೆರೆ ಕೆಂಪು. ಕೆಳಗೆ, ಉಪಗ್ರಹದಿಂದ ತೆಗೆದ ಚಿತ್ರದಲ್ಲಿ, ಕೆರೆಯ ನೀರು ಪಾಚಿ ಹಸಿರು.

"ಏ, ಇವರು ಮೀನ ಹಿಡಿಯೋ ಮಂದಿ ಇರಬೇಕವಾ," ಎಂದಳು ಪಕ್ಕದ ಕುರ್ಚಿಯ ಮುಸ್ಕಾನ್. "ಹೊಸ್ತಿಲದಾಗ ಕುಂತು ಗಾಳಾ ಒಗದ್ರ ಆತು. ಸಂಜಿ ಸಾರಿಗೆ ಚಿಂತಿ ಇಲ್ಲ."

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಹಿಂದೆ ನಿಂತಿದ್ದ ಸುಹಾಸಿನಿ ಮೇಡಂ ಕೂಡ ನಕ್ಕರು. ನೀಲಾ ನಗಲಿಲ್ಲ. ಎರಡನೆಯ ಸಾಲಿನಲ್ಲಿ ಎಡದಿಂದ ನಾಲ್ಕನೆಯ ಮನೆ ಅವಳದು. ಆ ದಿನ ಬೆಳಿಗ್ಗೆ ಅದರ ಅಂಗಳ ಗುಡಿಸಿ, ಥಳಿ ನೀರು ಹೊಡೆದು, ಬಸ್ಸು ಹತ್ತಿ ಬಂದಿದ್ದಳು.

ಅದು ಅವಳ ಮನೆ ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕೇಶ್ವಾಪುರದಲ್ಲಿ ಸ್ಟೀಲ್ ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿ ಆ ಗುತ್ತಿಗೆ ಕಂಪನಿ. ಸರ್ವೇ ಇಲಾಖೆಯಿಂದ ಊರುಗಳ ಹಳೆಯ ನಕಾಶೆ ಹಾಳೆಗಳು ಸ್ಕ್ಯಾನ್ ಆಗಿ ಬರುತ್ತಿದ್ದವು. ಹಾಳೆಯ ಪ್ರತಿ ಗೆರೆಯ ಮೇಲೂ ಮೌಸಿನಿಂದ ಇನ್ನೊಂದು ಗೆರೆ ಎಳೆಯಬೇಕು. ಗೆರೆ ತಿರುಗಿದಲ್ಲೆಲ್ಲ ಒಂದು ಕ್ಲಿಕ್ಕು. ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಅದೇ. ನೀಲಾಳ ಬಲಗೈ ಮಣಿಕಟ್ಟು ಊದಿಕೊಂಡಿತ್ತು. ಮನೆಯಲ್ಲಿ ರೊಟ್ಟಿ ಬಡಿಯಲು ಎಡಗೈ ರೂಢಿ ಮಾಡಿಕೊಂಡಿದ್ದಳು. ಕೆಲಸದ ಬಗ್ಗೆ ಅವಳಿಗೆ ತಕರಾರಿರಲಿಲ್ಲ. ಗೆರೆಗಳು ಯಾರನ್ನೂ ಏನೂ ಕೇಳುವುದಿಲ್ಲ.

ಮನುಷ್ಯರು ಕೇಳುತ್ತಾರೆ. ಹದಿನಾಲ್ಕು ತಿಂಗಳ ಹಿಂದೆ ಕೆಲಸಕ್ಕೆ ಸೇರಿದ ದಿನ ಸುಹಾಸಿನಿ ಮೇಡಂ ಕೇಳಿದ್ದರು. "ಯಾವ ಊರವಾ ನಿಂದು?"

"ಸುಳ್ಳ ಊರ ಕಡೆರಿ."

"ಸುಳ್ಳದ ಕಡೆ ಅಂದ್ರ? ಯಾರ ಪೈಕಿ ನೀವು?"

ನೀಲಾ ನೆಲ ನೋಡಿದಳು. "ಬಸ್ ಲಗೂ ಸಿಗತೈತ್ರಿ," ಎಂದಳು. ಹುಡುಗಿ ಸ್ವಲ್ಪ ಮಂಕು ಎಂದುಕೊಂಡು ಮೇಡಂ ಬಿಟ್ಟುಬಿಟ್ಟರು. ಮಂಕು ಎನಿಸಿಕೊಳ್ಳುವುದೇ ಅವಳಿಗೆ ಅನುಕೂಲವಾಯಿತು. ಮಧ್ಯಾಹ್ನ ಮೆಟ್ಟಿಲ ಮೇಲೆ ಗೋಡೆಗೆ ಮುಖ ಮಾಡಿ ಒಬ್ಬಳೇ ಡಬ್ಬಿ ಉಣ್ಣುತ್ತಿದ್ದಳು.

ಒಂಬತ್ತನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಬೆಂಚು ಒರೆಸಲು ಮಾಸ್ತರರು ಅವಳನ್ನೇ ಕರೆಯುತ್ತಿದ್ದರು. ಕಸ ಹೊಡೆಯಲು ಅವಳನ್ನೇ. ಸಂಡಾಸು ತೊಳೆಯಲು ಕರೆದ ದಿನ ಚೀಲ ಹೆಗಲಿಗೆ ಹಾಕಿಕೊಂಡು ಗೇಟು ದಾಟಿದಳು. ಮತ್ತೆ ಹೋಗಲಿಲ್ಲ. ಯಾಕೆಂದು ಮನೆಯಲ್ಲೂ ಹೇಳಲಿಲ್ಲ. ಆಮೇಲೆ ಕಲಿತದ್ದೆಲ್ಲ ನೋಡಿ ಕಲಿತದ್ದು. ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತ ಕಂಪ್ಯೂಟರ್ ನೋಡಿದಳು. ಇಲ್ಲಿ ಡೇಟಾಬೇಸ್ ನೋಡಿಕೊಳ್ಳುವ ಅಸ್ಫಾಕನ ಬೆರಳು ನೋಡಿದಳು. ಅವನು ಏನು ಬರೆದರೆ ಸ್ಕ್ರೀನು ಏನು ಮಾಡುತ್ತದೆ ಎಂದು ನೆನಪಿಟ್ಟುಕೊಂಡಳು. ಬಾಯಿ ಬಿಡಲಿಲ್ಲ.

"ಅಸ್ಫಾಕ, ಈ ಹಾಳಿ ಹಿಂಗ್ಯಾಕ ಆಗ್ಯದ?" ಮೇಡಂ ಕೇಳಿದರು.

ಅಸ್ಫಾಕ ಎದ್ದು ಬಂದ. ಸ್ಕೂಟರ್ ಗ್ಯಾರೇಜಿನವನ ಮಗ. ಯಾವುದನ್ನೇ ಆಗಲಿ ಬಿಚ್ಚಿ ತೋರಿಸುವ ಹಾಗೆ ಹೇಳುವುದು ಅವನ ರೀತಿ. "ಇದು ಕೇರಿಂದ ಬ್ಯಾರೆ ಹಾಳಿರಿ ಮೇಡಂ, ಅರವತ್ತ ವರ್ಷದ್ದು. ಊರಿನ ಹಾಳಿ ಕೇರಿ ಬಾಯಿತನಕ ಬಂದು ನಿಂತೈತಿ. ಇದರಾಗ ಅಕ್ಷಾಂಶ ರೇಖಾಂಶ ಏನೂ ಇಲ್ಲ. 'ಆರಂಭ ಕಲ್ಲು' ಅಂತ ಒಂದ ಚುಕ್ಕಿ ಐತಿ. ಅಲ್ಲಿಂದ ಮುಂದಕ್ಕ ಇಷ್ಟ ಸರಪಳಿ, ಬಲಕ್ಕ ಇಷ್ಟ ಸರಪಳಿ ಅಂತ ಬರದಾರ. ನಾ ಊರ ಗಡಿ ಬಾಂದುಕಲ್ಲ ಆರಂಭ ಅಂತ ಹಿಡದೆ. ಮುಂದ ಅಂದ್ರ ಉತ್ತರ ಅಂತ ಹಿಡದೆ. ಕೆರಿಯಾಗ ಹೋತು."

"ಹಂಗಾದ್ರ ಅಳತೀನ ತಪ್ಪದ. ತಗದ ಬಿಡು. ಊರಿನ ಹಾಳಿಯೊಳಗ ಆ ಜಾಗಾ ಖಾಲಿನ ಅದ. ಖುಲ್ಲಾ ಜಾಗಾ ಅಂತ ತುಂಬ್ರಿ."

"ಚಿತ್ರದಾಗ ಮನಿ ಕಾಣಾಕತ್ತಾವಲ್ರಿ."

"ಕಾಣ್ಲಿ. ಹಾಳಿಯೊಳಗ ಇಲ್ಲ, ಚಿತ್ರದೊಳಗ ಅದಾವ. ಅಂದ್ರ ಏನಾತು? ಅತಿಕ್ರಮಣ. ಅದಕ್ಕ ಬ್ಯಾರೆ ಬಣ್ಣ ಅದ, ಹಚ್ರಿ. ನೀಲಾ, ಆ ಫೋಲ್ಡರ್ ನಿಂದು. ಮಂಗಳವಾರ ನಾಕ ಗಂಟೆಕ್ಕ ಇಲಾಖೆಗೆ ಹೋಗಬೇಕು."

ಅತಿಕ್ರಮಣಕ್ಕೆ ಬದನೆಕಾಯಿ ಬಣ್ಣ. ಬೈಪಾಸಿನ ಪಕ್ಕ ಗೋದಾಮು ಕಟ್ಟಲು ಜಾಗದ ಪಟ್ಟಿ ತಯಾರಾಗುವುದು ಆ ಬಣ್ಣ ನೋಡಿಯೇ ಎಂಬುದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹಿಂದಿನ ತಿಂಗಳು ಇನ್ನೊಂದು ಊರಿನಲ್ಲಿ ಹನ್ನೊಂದು ಮನೆಗಳಿಗೆ ಆ ಬಣ್ಣ ಹತ್ತಿತ್ತು. ಹದಿನೈದು ದಿನದಲ್ಲಿ ಅವರ ಬಾಗಿಲಿಗೆ ನೋಟೀಸು ಹತ್ತಿತು. ಬಣ್ಣ ತುಂಬಿದವಳು ನೀಲಾ. ಯಾರ ಮನೆಗಳೋ ಎಂದುಕೊಂಡು ತುಂಬಿದ್ದಳು. ಒಂದು ಕ್ಲಿಕ್ಕಿನ ಕೆಲಸ.

ಈಗ ಅದೇ ಬೆರಳು ಮೌಸಿನ ಮೇಲೆ ಕಲ್ಲಾಯಿತು. ಅಂದು ಶನಿವಾರ. ಅವಳು ಬಣ್ಣ ತುಂಬಲಿಲ್ಲ. ಹಾಳೆ ತೆಗೆಯಲಿಲ್ಲ. ಎದ್ದು ನೀರು ಕುಡಿದಳು, ಕೂತಳು, ಮತ್ತೆ ಎದ್ದಳು. ಮೇಡಂ ಊಟಕ್ಕೆ ಕೆಳಗಿಳಿದ ಮೇಲೆ ಅಸ್ಫಾಕನ ಮೇಜಿನ ಹತ್ತಿರ ಹೋಗಿ ನಿಂತಳು.

"ಅಸ್ಫಾಕಣ್ಣ, ಆರಂಭ ಬ್ಯಾರೆ ಕಡೆ ಇದ್ರ?"

ಅವನು ತಲೆಯೆತ್ತಿದ. ಹದಿನಾಲ್ಕು ತಿಂಗಳಲ್ಲಿ ಅವಳಾಗಿಯೇ ಅವನಿಗೆ ಹಾಕಿದ ಮೊದಲ ಪ್ರಶ್ನೆ ಅದು.

"ಇದ್ರ ಡೇಟಾಬೇಸಿಗೆ ಹೊಸಾ ಲೆಕ್ಕ ಕಲಿಸ್ಬೇಕಾಕ್ಕತಿ. ಬಾ, ನೋಡಿಲ್ಲಿ." ಅವನು ಒಂದು ಪಟ್ಟಿ ತೆರೆದ. ಸಾವಿರಾರು ಸಾಲು. "ಭೂಮಿ ಎಲ್ಲಿಂದ ಹೆಂಗ ಎಣಸ್ಬೇಕು ಅನ್ನೂದಕ್ಕ ಒಂದೊಂದ ದೇಶದ್ದು ಒಂದೊಂದ ಪದ್ಧತಿ. ಒಂದೊಂದಕ್ಕ ಒಂದ ಸಾಲು, ಒಂದ ನಂಬರು. ಪ್ರತಿ ಹಾಳಿನೂ ತನ್ನದು ಯಾವ ನಂಬರು ಅಂತ ಹೇಳ್ಬೇಕು. ಹೇಳ್ದಿದ್ರ ಸೊನ್ನಿ. ಸೊನ್ನಿ ಅಂದ್ರ ಗುರ್ತಿಲ್ಲದ್ದು ಅಂತ. ಗುರ್ತಿಲ್ಲದ್ದನ್ನ ಇದು ಯಾರ ಜೋಡಿನೂ ಕೂಡ್ಸಂಗಿಲ್ಲ. ಬಾಜೂಕ ಇಡತೈತಿ."

ನೀಲಾ ಪಟ್ಟಿ ನೋಡಿದಳು. ಬಾಜೂಕ ಇಡುವುದು ಅವಳಿಗೆ ಹೊಸ ಸುದ್ದಿಯಲ್ಲ.

"ನಮ್ಮದ... ಇಂಥಾ ಒಂದ ಸಾಲು ಸೇರ್ಸಾಕ ಬರತೈತೇನ್ರಿ?"

"ಬರತೈತಿ. ಮೂರ ಮಾತ ಗೊತ್ತಾಗಬೇಕು. ಎಲ್ಲಿಂದ ಎಣಿಸಿದ್ರು. ಮಾರಿ ಎತ್ತಾಗ ಇತ್ತು. ಸರಪಳಿ ಎಷ್ಟುದ್ದ. ಆದ್ರ ಅರವತ್ತ ವರ್ಷದ ಹಿಂದಿಂದು ಯಾರ ಹೇಳ್ಬೇಕು? ಆ ಸರಪಳಿ ಹಿಡದಾವ್ರು ಯಾರ ಬದಕ್ಯಾರ?"

"ಒಬ್ರ ಅದಾರ್ರಿ," ಎಂದಳು ನೀಲಾ. ದನಿ ಅವಳಿಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದಳು.

ಮರುದಿನ ಭಾನುವಾರ ಬೆಳಿಗ್ಗೆ ಅಸ್ಫಾಕ ಬೈಕಿನಲ್ಲಿ ಬೂದನಕೊಪ್ಪಕ್ಕೆ ಬಂದ. ಹೆಗಲಿನ ಚೀಲದಲ್ಲಿ ಕಂಪನಿಯ ಜಿಪಿಎಸ್ ಯಂತ್ರ. ಯಾರನ್ನೂ ಕೇಳದೆ ತಂದಿದ್ದ. ಕೇರಿಯ ಬಾಯಿಯಲ್ಲಿ ಬೈಕು ನಿಲ್ಲಿಸಿದವನು ಎದುರಿಗೆ ಬಂದ ನೀಲಾಳನ್ನು ನೋಡಿದ, ಅವಳ ಹಿಂದಿನ ಮನೆಗಳನ್ನು ನೋಡಿದ. ಏನೂ ಕೇಳಲಿಲ್ಲ.

ನೀಲಾಳ ತಾಯಿ ಯಂಕವ್ವ ಬಾಗಿಲಲ್ಲಿ ನಿಂತು ಅನುಮಾನಿಸಿದಳು. "ನೀರ ಕುಡೀತೀರೇನ್ರಿ ನಮ್ಮಲ್ಲಿ?"

"ಬಿಸಲಾಗ ಬಂದೇನಿ ಚಿಗವ್ವಾ. ಒಂದಲ್ಲ, ಎರಡ ಚರಿಗಿ ಕೊಡ್ರಿ."

ಅಜ್ಜ ಮಹಾದೇವಪ್ಪ ಹೊರಸಿನ ಮೇಲೆ ಕೂತಿದ್ದ. ಎಂಬತ್ತು ದಾಟಿದೆ. ಕಣ್ಣು ಮಬ್ಬು, ಮಾತು ಮಬ್ಬಿಲ್ಲ. ಹರೆಯದಲ್ಲಿ ಸರ್ವೇ ಕೆಲಸಕ್ಕೆ ಸರಪಳಿ ಎಳೆಯುವ ಆಳಾಗಿ ದುಡಿದವನು. ನೀಲಾ ಹಾಳೆಯ ನಕಲು ತೋರಿಸಿ, ಆರಂಭ ಕಲ್ಲು ಅಂದರೆ ಬಾಂದುಕಲ್ಲೇನು ಎಂದು ಕೇಳಿದಳು.

"ಬಾಂದುಕಲ್ಲ? ಅಲ್ಲಿಗೆ ಯಾವ ಮಗ ಹೋಗಿದ್ದ?" ಅಜ್ಜ ಹೊರಸಿನಿಂದ ಕಾಲು ಇಳಿಬಿಟ್ಟ. "ಸರ್ವೇ ಸಾಹೇಬ ಗೌಡರ ಮನ್ಯಾಗ ನಾಷ್ಟಾ ಮಾಡಿ, ಎಲಿ ಅಡಕಿ ಹಾಕ್ಕೊಂಡು ಬಂದ. ಕೇರಿ ಕಂಡ ಕೂಡ್ಲೆ ನಿಂತಬಿಟ್ಟ. ಒಳಗ ಬರಂಗಿಲ್ಲ ಅಂದ. ಕೆರಿ ದಂಡ್ಯಾಗ ಒಂದ ಹಾಸಗಲ್ಲಿತ್ತು. ಅದರ ಮ್ಯಾಲೆ ಜಮಖಾನಿ ಹಾಸಿಸ್ಕೊಂಡು ಕುಂತ. 'ನೀವ ಹೋಗ್ರಲೇ, ಅಳದು ಒದರ್ರಿ, ನಾ ಇಲ್ಲೇ ಬರ್ಕೋತೇನಿ' ಅಂದ."

"ಮತ್ತ ಮುಂದ ಅಂದ್ರ ಎತ್ತಾಗ ಅಜ್ಜಾ? ಉತ್ತರಕ್ಕೇನು?"

"ಎಲ್ಲೀ ಉತ್ತರ? ಮುಂಜಾನಿ ಬಿಸಲ ಕಣ್ಣಿಗೆ ಹೊಡೀತೈತಿ ಅಂತ ಬೆನ್ನಿಗೆ ಹಾಕ್ಕೊಂಡು ಕುಂತಿದ್ದ. ಮಾರಿ ಪಡವಲಕ್ಕ. ಈ ಬೇವಿನ ಗಿಡದ ನೇರಕ್ಕ. ಅವನ ಮಾರಿ ಎತ್ತಾಗೋ ಮುಂದ ಅತ್ತಾಗ. ಅವನ ಬಲಗೈ ಎತ್ತಾಗೋ ಬಲಾ ಅತ್ತಾಗ. ಆರಂಭ ಎಲ್ಲಿ ಅಂತ ಕೇಳ್ತಿಯಲ್ಲ, ಅವನ ಕುಂಡಿ ಎಲ್ಲಿತ್ತೋ ಅಲ್ಲೇ ಆರಂಭ."

ಅಸ್ಫಾಕ ಚರಿಗೆ ಬಾಯಿಗೆ ಅಡ್ಡ ಹಿಡಿದು ನಗು ನುಂಗಿದ.

"ಏನ ಮಾತರಿ ಮಾವಾರ, ಹುಡುಗಿ ಮುಂದ," ಎಂದಳು ಯಂಕವ್ವ.

"ಹುಡುಗಿ ಕೇಳ್ಯಾಳ, ನಾ ಹೇಳೇನಿ. ಸುಳ್ಳ ಹೇಳ್ಲೇನು?"

ಅಜ್ಜ ಅಲ್ಲಿಗೇ ನಿಲ್ಲಿಸಲಿಲ್ಲ. ಕಬ್ಬಿಣದ ಸರಪಳಿ. ಮೂವತ್ಮೂರು ಫೂಟು, ಹದಿನಾರು ಆಣೆಗೆ ಹದಿನಾರು ಕೊಂಡಿ. ಹಗಲೆಲ್ಲ ಎಳೆದರೆ ಭುಜ ಕಿತ್ತು ಬರುತ್ತಿತ್ತು. ಕಾಲಿಗೆ ಚಪ್ಪಲಿ ಇಲ್ಲ. ಊರ ಮಂದಿ ಹೊರಕಡೆಗೆ ಬರುತ್ತಿದ್ದ ಜಾಗ, ಜಾಲಿಮುಳ್ಳು, ಹೇಲು, ಅದರ ಮೇಲೆ ಹಾಯ್ದು ಹೋಗಬೇಕು. ಪ್ರತಿ ಅಳತೆಗೂ ಸಾಹೇಬನ ಕಿವಿಗೆ ಬೀಳುವ ಹಾಗೆ ಒದರಬೇಕು. ಸಂಜೆಗೆ ಗಂಟಲಿನಿಂದ ರಕ್ತ ಬಂತು. ಕೆಲಸ ಮುಗಿದ ಮೇಲೆ ಸಾಹೇಬ ಸರಪಳಿಯನ್ನು ಮುಟ್ಟಲಿಲ್ಲ. ಕೆರೆಯಲ್ಲಿ ಅದ್ದಿಸಿ, ಬೂದಿ ಹಚ್ಚಿ ಮೂರು ಸಲ ತಿಕ್ಕಿಸಿ, ಬಿಸಿಲಿಗೆ ಒಣಗಿಸಿ, ಆಮೇಲೆ ಚೀಲಕ್ಕೆ ಹಾಕಿಸಿದ.

"ಕಬ್ಬಿಣಕ್ಕೂ ಮೈಲಿಗಿ," ಎಂದ ಅಜ್ಜ. ಎಡಗಾಲು ಎತ್ತಿ ಅಂಗಾಲು ತೋರಿಸಿದ. ನಡುವೆ ಒಂದು ರೂಪಾಯಿಯಷ್ಟಗಲ ಕರಿಯ ಗುಳಿ. "ಮುಳ್ಳು ಒಳಗ ಮುರೀತು. ಕುಂಡ್ರಾಕ ಬಿಡ್ಲಿಲ್ಲ. ಎಣಕಿ ತಪ್ಪತೈತಿ ಅಂದ. ನಾ ತಪ್ಪಿಲ್ಲ. ಒಂದ ಆಣೆ ತಪ್ಪಿಲ್ಲ."

ಅಸ್ಫಾಕ ನಗುವುದನ್ನು ಬಿಟ್ಟಿದ್ದ.

ಕಲ್ಲು ಅಲ್ಲೇ ಇತ್ತು. ಈಗ ಕೇರಿಯ ಹೆಂಗಸರು ಅದರ ಮೇಲೆ ಬಟ್ಟೆ ಒಗೆಯುತ್ತಾರೆ. ಅಸ್ಫಾಕ ಅದರ ನಡುವೆ ಯಂತ್ರ ಇಟ್ಟು, ಅಂಕಿ ನಿಲ್ಲುವವರೆಗೆ ಕಾದು ಬರೆದುಕೊಂಡ. ಬೇವಿನ ಮರದ ಬುಡದಲ್ಲಿ ಇಟ್ಟು ಇನ್ನೊಮ್ಮೆ ಬರೆದುಕೊಂಡ. ದಿಕ್ಕು ಸಿಕ್ಕಿತು. ನಿಂತೂ ನಿಂತೂ ಅಜ್ಜನ ಕಾಲು ನಡುಗುತ್ತಿತ್ತು.

"ಕುಂಡ್ರಿ ಅಜ್ಜಾ, ಕಲ್ಲ ಖಾಲಿ ಆತು," ಎಂದ ಅಸ್ಫಾಕ.

"ಅವ ಕುಂತಲ್ಲೆ ನಾ ಕುಂಡ್ರಂಗಿಲ್ಲಪಾ. ಅದರ ಮ್ಯಾಲೆ ಯಂಕವ್ವ ಅರಬಿ ಬಡೀತಾಳಲ್ಲ, ಅಷ್ಟ ಸಾಕು."

ಕಲ್ಲಿನಿಂದ ಕೇರಿಯ ಮೊದಲ ಮನೆಯ ಮೂಲೆಗೆ ಹನ್ನೆರಡು ಸರಪಳಿ ನಾಕಾಣೆ ಎಂದು ಹಾಳೆಯಲ್ಲಿತ್ತು. ಅಳೆದು ನೋಡಬೇಕಿತ್ತು. ಬಾವಿ ಹಗ್ಗವನ್ನು ಮೂವತ್ಮೂರು ಫೂಟಿಗೆ ಕತ್ತರಿಸಿ, ಒಂದು ತುದಿ ಅಸ್ಫಾಕ ಹಿಡಿದ, ಇನ್ನೊಂದನ್ನು ನೀಲಾ ಎಳೆದಳು. ದಾರಿ ಈಗಲೂ ಜಾಲಿಯದೇ. ಮುಳ್ಳು ಅವಳ ಸೀರೆಯನ್ನು 'ಕೊಡೆ, ಕೊಡೆ' ಎಂದು ಎಳೆಯಿತು. ಮೊಣಕೈ ಗೀರಿತು. ಐದನೆಯ ಸಲಕ್ಕೆ ಊದಿದ ಮಣಿಕಟ್ಟಿನಲ್ಲಿ ಬೆಂಕಿ ಬಿತ್ತು. ಹಗ್ಗವನ್ನು ಎಡಗೈಗೆ ಸುತ್ತಿಕೊಂಡಳು. ಅಜ್ಜ ಕೋಲೂರುತ್ತ ಪಕ್ಕದಲ್ಲಿ ಬಂದ. ಪ್ರತಿ ಸಲವೂ ಒದರಿದ, "ಒಂದsss... ಎರಡsss..." ಕೇರಿಯ ಬಾಗಿಲುಗಳು ತೆರೆದವು.

ಮೊದಲ ಮನೆ ಗೌರಕ್ಕನದು. ಅವಳು ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. "ಏನ ನೀಲವ್ವಾ, ಮನಿಗೆ ಹಗ್ಗಾ ಕಟ್ಟಿ ಊರೊಳಗ ಎಳಕೊಂಡ ಹೋಗ್ತೀರೇನು?"

"ಮನಿ ಎಲ್ಲೈತಿ ಅಂತ ನೋಡಾಕತ್ತೇವಿ, ಗೌರಕ್ಕ."

"ಇಲ್ಲೇ ಐತಲ್ಲ! ಕಣ್ಣ ಕಾಣವಲ್ವೇನ?"

"ನಮಗ ಕಾಣ್ತೈತಿ. ಹಾಳಿಗೆ ಕಾಣವಲ್ದು."

ಹನ್ನೆರಡು ಆಯಿತು. ಹಗ್ಗವನ್ನು ನಾಲ್ಕಾಗಿ ಮಡಿಚಿ ನಾಕಾಣೆ ಇಟ್ಟರು. ತುದಿ ಗೌರಕ್ಕನ ಮನೆಯ ಬುನಾದಿ ಕಲ್ಲಿಗೆ ಬಂದು ಮುಟ್ಟಿತು. ಗೋಡೆ ಎರಡು ಸಲ ಬಿದ್ದು ಕಟ್ಟಿದ್ದು. ಬುನಾದಿ ಕಲ್ಲು ಅದೇ. ಒಂದು ಗೇಣು ಹೆಚ್ಚುಕಡಿಮೆ ಇಲ್ಲ.

ಅಜ್ಜ ಬಗ್ಗಿ ಕಲ್ಲು ಮುಟ್ಟಿ ನೋಡಿದ. "ನಾ ತಪ್ಪಿಲ್ಲ. ಹೌದಿಲ್ಲೋ? ಹೇಳ ನೀಲವ್ವ."

"ತಪ್ಪಿಲ್ಲ ಅಜ್ಜಾ."

ಸೋಮವಾರ ಅಸ್ಫಾಕ ಪಕ್ಕದಲ್ಲಿ ನಿಂತ. ನೀಲಾ ಬರೆದಳು. ಪಟ್ಟಿಯಲ್ಲಿ ಯಾರೂ ಬಳಸದ ಆರಂಕಿಯ ಒಂದು ನಂಬರು ಆರಿಸಿದಳು. ಕಲ್ಲಿನ ಸ್ಥಳ, ಬೇವಿನ ಮರದ ದಿಕ್ಕು, ಅಳತೆಯ ಮಾನ 'ಸರಪಳಿ'. ಹಾಳೆಗೆ ಆ ನಂಬರು ಕೊಟ್ಟಳು. ಕೇರಿ ಕೆರೆಯಿಂದ ಎದ್ದಿತು. ಆದರೆ ಊದಿಕೊಂಡು ಎದ್ದಿತು. ಒಂದೊಂದು ಮನೆ ಒಂದೊಂದು ಹೊಲದಷ್ಟಾಗಿ, ಸಾಲಿನ ಕೊನೆ ಬೈಪಾಸ್ ದಾಟಿ ಆಚೆ ಹೋಗಿತ್ತು.

"ಅಬಬಬ," ಎಂದಳು ಮುಸ್ಕಾನ್. "ಒಂದೊಂದ ಮನಿ ಒಂದೊಂದ ಗೌಡರ ವಾಡೆ ಆತಲ್ಲ."

ಅಸ್ಫಾಕ ತಲೆ ಕೆರೆದುಕೊಂಡ. "ಸರಪಳಿ ಅಂತ ಹೇಳಿದ್ರ ಇದು ತನಗ ಗೊತ್ತಿದ್ದ ಇಂಗ್ಲೆಂಡಿನ ಸರಪಳಿ ಹಿಡೀತೈತಿ. ಅರವತ್ತಾರ ಫೂಟಿಂದು."

"ನಮ್ಮದು ಅದರ ಅರ್ಧರಿ," ಎಂದಳು ನೀಲಾ. "ಒಂದ ಸರಪಳಿ ಚೌಕ ಒಂದ ಗುಂಟೆ. ಅದು ಸಣ್ಣ ಹುಡುಗ್ರಿಗೂ ಗೊತ್ತೈತಿ."

ಉದ್ದ ಮೂವತ್ಮೂರು ಫೂಟು ಎಂದು ತಿದ್ದಿದಳು. ಕೇರಿ ಮೈ ಮುದುಡಿಕೊಂಡು ತನ್ನ ಜಾಗಕ್ಕೆ ಬಂದು ಕೂತಿತು. ಕೆಂಪು ಗೆರೆ ಮಾಡಿಗೆ ಹೊದಿಸಿದ ಪತ್ರಾಸಿನ ಅಂಚಿಗೆ ಸರಿಯಾಗಿ. ಬಾವಿಯ ಮೇಲೆ ಬಾವಿ. ಎರಡನೆಯ ಸಾಲು, ಎಡದಿಂದ ನಾಲ್ಕನೆಯ ಮನೆ. ಹಿತ್ತಲಲ್ಲಿ ಒಣಹಾಕಿದ್ದ ಬಟ್ಟೆಯ ಬಿಳಿ ಚುಕ್ಕೆ ಕೂಡ ಚಿತ್ರದಲ್ಲಿತ್ತು. ನೀಲಾ ಅದನ್ನೇ ನೋಡುತ್ತ ಕೂತಳು.

ಮುಸ್ಕಾನ್ ಅವಳ ಮುಖ ನೋಡಿದಳು. ದನಿ ಇಳಿಸಿ ಕೇಳಿದಳು, "ಇದು ನಿನ್ನ ಕೇರಿಯೇನ?"

"ಹೌದು."

"ಯವ್ವ. ಮೀನದ ಮಾತು ಆಡಿದ್ನಲ್ಲ ನಾ."

"ಆಡಿದಿ," ಎಂದಳು ನೀಲಾ.

ಮಂಗಳವಾರ ಮೂರೂಮುಕ್ಕಾಲಿಗೆ ಸುಹಾಸಿನಿ ಮೇಡಂ ಫೋಲ್ಡರ್ ತೆರೆದರು. ನೀಲಾಳ ಮೇಜಿಗೇ ಬಂದು, ಅವಳ ಮೌಸನ್ನೇ ಹಿಡಿದು, ಬಗ್ಗಿ ನೋಡಿದರು. ಖುಲ್ಲಾ ಎಂದು ಇರಬೇಕಿದ್ದಲ್ಲಿ ನಲವತ್ತೊಂದು ಮನೆ.

"ಈ ಹೊಸಾ ನಂಬರ್ ಯಾರು ಸೇರಿಸಿದ್ದು?"

ಅಸ್ಫಾಕ ಅರ್ಧ ಎದ್ದ. ಅವನ ಬಾಯಿ ತೆರೆಯುವ ಮುಂಚೆ ನೀಲಾ ಹೇಳಿದಳು. "ನಾನ್ರಿ."

"ನೀ?" ಮೇಡಂ ನಕ್ಕರು. "ಇಡೀ ಜಗತ್ತಿಗೆ ಸಾಲೋವಷ್ಟು ಸಾಲು ಅದಾವ ಅದರೊಳಗ. ನಿಂದೊಂದು ಕಡಿಮಿ ಬಿದ್ದಿತ್ತೇನು?"

"ಬಿದ್ದಿತ್ರಿ."

ನಗು ನಿಂತಿತು. "ಆ ಕಲ್ಲ ಆರಂಭ ಅಂತ ನಿನಗ್ಯಾರು ಹೇಳಿದ್ರು?"

"ನಮ್ಮ ಅಜ್ಜರಿ. ಆ ಸರಪಳಿ ಹಿಡದಾವ್ರು ಅವರ."

"ನಿಮ್ಮ ಅಜ್ಜ." ಮೇಡಂ ಮಾತನ್ನು ನಿಧಾನವಾಗಿ ಹೊರಳಿಸಿದರು. "ಹಂಗಾದ್ರ ನೀ ಆ ಕೇರಿಯಾಕಿ."

"ಹೌದ್ರಿ."

ಮೇಡಂ ಮೌಸಿನ ಮೇಲಿದ್ದ ಕೈ ತೆಗೆದರು. ತೆಗೆದದ್ದು ಅವರಿಗೇ ಗೊತ್ತಾಗಲಿಲ್ಲ. ನೀಲಾಗೆ ಗೊತ್ತಾಯಿತು. ಆ ಕೈ ಸ್ವಲ್ಪ ಹೊತ್ತು ಗಾಳಿಯಲ್ಲಿ ನಿಂತು, ಆಮೇಲೆ ಸೆರಗಿಗೆ ಹೋಗಿ ಒರೆಸಿಕೊಂಡಿತು. ಹದಿನಾಲ್ಕು ತಿಂಗಳು ಗೋಡೆಗೆ ಮುಖ ಮಾಡಿ ಉಂಡದ್ದು ಈ ಕೈಯನ್ನು ನೋಡಬಾರದೆಂದು. ಈಗ ನೋಡಿದ್ದಾಯಿತು. ನೋಡಿದ ಮೇಲೆ ಹೆದರಲು ಏನೂ ಉಳಿಯಲಿಲ್ಲ.

ಮೇಡಂ ಕುರ್ಚಿ ಎಳೆದು ದೂರ ಕೂತರು. ದನಿ ಮೆತ್ತಗಾಯಿತು. "ನೋಡವಾ ನೀಲಾ, ನಾ ಕೆಟ್ಟ ಮನುಷ್ಯಾಳಲ್ಲ. ಹಾಳಿ ಸರಿ ಕೂತದ, ಇರ್ಲಿ. ಆದ್ರ ಬಾಂದುಕಲ್ಲ ಬಿಟ್ಟು ಇದನ್ಯಾಕ ಹಿಡದ್ರಿ ಅಂತ ಇಲಾಖೆಯವ್ರು ಕೇಳ್ತಾರ. ಟಿಪ್ಪಣಿ ಅಂತ ಒಂದು ಜಾಗಾ ಅದ, ಅಲ್ಲೆ ಕಾರಣ ಬರೀಬೇಕು. ನಾ ಹೇಳ್ತೀನಿ, ಬರಿ. 'ಸರಪಳಿ ಹಿಡಿದ ಆಳು ತಪ್ಪು ಸ್ಥಳದಿಂದ ಅಳತೆ ಆರಂಭಿಸಿದ್ದರಿಂದ ತಿದ್ದಲಾಗಿದೆ.' ಮುಗೀತು. ನಿಮ್ಮ ಕೇರಿನೂ ಉಳೀತದ, ನನ್ನ ಫೋಲ್ಡರೂ ಹೋಗ್ತದ. ಯಾರಿಗೂ ತ್ರಾಸಿಲ್ಲ."

ನೀಲಾಳ ಬೆರಳು ಕೀಲಿಗಳ ಮೇಲೆ ಬಂದವು. 'ಸರಪಳಿ ಹಿಡಿದ ಆಳು' ಎಂದು ಬರೆದಳು. ಒಂದೇ ಒಂದು ವಾಕ್ಯ. ಅಜ್ಜನಿಗೆ ಓದಲು ಬಾರದು. ಅವನಿಗೆ ಗೊತ್ತೂ ಆಗುವುದಿಲ್ಲ. ನಲವತ್ತೊಂದು ಮನೆ ಉಳಿಯುತ್ತವೆ.

ಉಳಿಯುತ್ತವೆಯೇ? ತಪ್ಪು ಎಂಬ ಟಿಪ್ಪಣಿ ಇದ್ದ ಹಾಳೆಗಳನ್ನು ಅವಳೇ ತೆಗೆದಿದ್ದಾಳೆ. ಹಿಂದಿನ ವಾರ ಎರಡು. ಅದಕ್ಕೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಟಿಪ್ಪಣಿ ಓದಿದಳು, ಒಗೆದಳು. ನಾಳೆ ಇನ್ನೊಂದು ಕೋಣೆಯಲ್ಲಿ ಕೂತ ಇನ್ನೊಬ್ಬಳು ಇದನ್ನೂ ಓದುತ್ತಾಳೆ. ತಪ್ಪು ಎಂದು ಕೇರಿಯವರೇ ಒಪ್ಪಿ ಬರೆದುಕೊಟ್ಟ ಹಾಳೆ. ಒಗೆಯುತ್ತಾಳೆ.

ತಪ್ಪು ಮಾಡಿದವನು ಕಲ್ಲಿನ ಮೇಲೆ ಜಮಖಾನೆ ಹಾಸಿಕೊಂಡು ಕೂತಿದ್ದ. ಹೆಸರು ಕೆಡುವುದು ಮುಳ್ಳು ತುಳಿದವನದು.

ಬರೆದದ್ದನ್ನು ಅಳಿಸಿದಳು.

"ಬರಿಯಂಗಿಲ್ರಿ."

"ಏನಂದಿ?"

"ನಮ್ಮ ಅಜ್ಜ ತಪ್ಪಿಲ್ರಿ. ನಾ ಬರಿಯಂಗಿಲ್ಲ."

ಬೇರೆ ಬರೆಯತೊಡಗಿದಳು. ಕೋಣೆಯಲ್ಲಿ ಉಳಿದ ಕ್ಲಿಕ್ಕುಗಳೆಲ್ಲ ನಿಂತಿದ್ದವು. ಅವಳ ಕೀಲಿಗಳ ಸದ್ದು ಒಂದೇ. ಬರೆದು ಮುಗಿಸಿ ಸ್ಕ್ರೀನನ್ನು ಮೇಡಂ ಕಡೆ ತಿರುಗಿಸಿದಳು. "ಓದ್ರಿ."

ಮೇಡಂ ಸೊಗಸಾಗಿ ಓದುವವರು. ಗಟ್ಟಿಯಾಗಿಯೇ ಓದಿದರು. "'ಅಳತೆ ಸರಿ ಇದೆ. ಅಳೆಯಲು ಬಂದ ಅಧಿಕಾರಿ ಕೇರಿಯ ಒಳಗೆ...'" ಅಲ್ಲಿಗೆ ನಿಂತರು.

"ಪೂರ್ತಿ ಓದ್ರಿ ಮೇಡಂ," ಎಂದಳು ಮುಸ್ಕಾನ್ ಪಕ್ಕದಿಂದ. "ನಮಗ ಕೇಳಸಲಿಲ್ಲ."

ಮೇಡಂ ಓದಲಿಲ್ಲ. ಮುಸ್ಕಾನ್ ತಾನೇ ಬಗ್ಗಿ ಓದಿದಳು. "'ಕೇರಿಯ ಒಳಗೆ ಬರಲಿಲ್ಲ. ಅವರು ಹೊರಗೆ ಕುಳಿತ ಕಲ್ಲೇ ಆರಂಭ. ಅವರು ಮುಖ ಮಾಡಿದ ಕಡೆಯೇ ಮುಂದೆ. ಆ ಕಲ್ಲಿನಿಂದ ಕೇರಿಯ ಮೊದಲ ಮನೆಗೆ ಹನ್ನೆರಡು ಸರಪಳಿ ನಾಕಾಣೆ. ಅಳೆದವರು ಮಹಾದೇವಪ್ಪ.'"

"ಜಾತಿ ತಂದಿ ನಡುವ," ಎಂದರು ಮೇಡಂ.

"ನಾ ತಂದಿಲ್ರಿ. ಹಾಳ್ಯಾಗ ಇತ್ತು. ಎಲ್ಲಿತ್ತು ಅಂತ ತೋರ್ಸೇನಿ ಅಷ್ಟ."

"ಅಳಸು ಅದನ್ನ."

"ಇಲ್ರಿ."

"ಅಸ್ಫಾಕ, ನೀ ಅಳಸು. ಆ ಸಾಲೂ ತಗಿ."

ಅಸ್ಫಾಕ ಎರಡೂ ಕೈ ಮೇಜಿನಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. "ನನ್ನ ಕೈಲೆ ಆಗಂಗಿಲ್ರಿ ಮೇಡಂ. ಆ ಹಗ್ಗದ ಇನ್ನೊಂದ ತುದಿ ನಾ ಹಿಡದಿದ್ದೆ."

ಮೇಡಂ ತಾವೇ ಕೀಲಿಗೆ ಕೈಹಾಕಲು ನೋಡಿದರು. ಯಾವುದನ್ನು ಒತ್ತಬೇಕೆಂದು ಅವರಿಗೆ ತಿಳಿಯದು. ಹದಿನಾಲ್ಕು ತಿಂಗಳು ನೋಡಿದ್ದ ನೀಲಾಗೆ ಅದೂ ಗೊತ್ತಿತ್ತು. ಗೋಡೆಯ ಗಡಿಯಾರ ನಾಲ್ಕಕ್ಕೆ ಐದು ನಿಮಿಷ ತೋರಿಸುತ್ತಿತ್ತು. ಬೇರೆ ಆರು ಊರುಗಳ ಕೆಲಸವೂ ಅದೇ ಫೋಲ್ಡರಿನಲ್ಲಿ. ನಾಲ್ಕು ದಾಟಿದರೆ ಇಲಾಖೆಯವರು ಯಾವುದನ್ನೂ ತೆಗೆದುಕೊಳ್ಳುವುದಿಲ್ಲ.

"ಇದು ಹಿಂಗ ಹೋತು ಅಂದ್ರ," ಮೇಡಂ ಎದ್ದು ನಿಂತರು, "ನಾಳಿಂದ ನೀ ಬರೂದು ಬ್ಯಾಡ."

ನೀಲಾ ಕೂಡ ಎದ್ದಳು.

"ನಾಳೆ ನನಗ ಬರಾಕ ಆಗಂಗೂ ಇಲ್ರಿ. ಇಲಾಖೆಗೆ ಹೊಕ್ಕೇನಿ, ಅಜ್ಜನ್ನ ಕರ್ಕೊಂಡು. ಟಿಪ್ಪಣಿ ಖರೇನೋ ಸುಳ್ಳೋ ಅಂತ ಅವರು ಕೇಳಿದ್ರ ಹೇಳಾವ್ರು ಬೇಕಲ್ರಿ. ಹೋದ ತಿಂಗಳ ಹನ್ನೊಂದ ಮನಿಗೆ ನೋಟೀಸ್ ಹೋತಲ್ರಿ, ಆ ಹಾಳಿನೂ ತಗಿಸಿ ನೋಡ್ರಿ ಅಂತ ಹೇಳ್ತೇನಿ. ಅದಕ್ಕ ಬಣ್ಣ ತುಂಬಿದಾಕಿ ನಾನ."

ಕೆಳಗಿನ ಅಂಗಡಿಯಲ್ಲಿ ಯಾರೋ ಪಾತ್ರೆ ಬಡಿದು ನೋಡುತ್ತಿದ್ದರು.

ಅಸ್ಫಾಕ ಕುರ್ಚಿ ಮುಂದೆಳೆದುಕೊಂಡ. ಮೇಡಂ ಕಡೆ ತಿರುಗಲಿಲ್ಲ.

"ಕಳಸ್ಲೇನ್ರಿ, ನೀಲಾ ಅವ್ರ?"

"ಕಳಸ್ರಿ," ಎಂದಳು ನೀಲಾ.